‘ಸಸ್ಪೆಕ್ಟ್’ ಎಂದರೂ ಅನುಮಾನ, ‘ಡೌಟ್’ ಎಂದರೂ ಅನುಮಾನ: ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ಒಂದು ಪದದ ವಿಷಯದಲ್ಲಿ ನಾನು ಪೆಟ್ಟು ತಿಂದ ಮೇಲೆ ಈ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಕೆಲವು ದಿನಗಳ ಹಿಂದೆ ಒಂದು ಲೆಕ್ಕಪತ್ರವನ್ನು ಪರಿಶೀಲಿಸುತ್ತಿದ್ದಾಗ ಅದರ ಮೂರನೆಯ ಪುಟದ ಒಟ್ಟು ಮೊತ್ತ ತಪ್ಪಿರಬೇಕು ಎಂದು ನನಗೆ ಅನಿಸಿತು. ಕನ್ನಡ ಬಾರದ ಸಹೋದ್ಯೋಗಿಯೊಬ್ಬರಿಗೆ ಇಂಗ್ಲಿಷಿನಲ್ಲಿ ‘ಐ ಡೌಟ್ ದಟ್ ದ ಟೋಟಲ್ ಈಸ್ ರಾಂಗ್’ ಎಂದು ಬರೆದು ಕಳುಹಿಸಿದೆ. ಮೊತ್ತ ತಪ್ಪಿದೆ ಎಂಬ ಅನುಮಾನ ನನಗಿದೆ, ದಯವಿಟ್ಟು ಇನ್ನೊಮ್ಮೆ ನೋಡಿ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಅವರು ‘ಸಂತೋಷ, ಹಾಗಾದರೆ ಮುಂದಕ್ಕೆ ಕಳುಹಿಸುತ್ತೇನೆ’ ಎಂದು ಉತ್ತರಿಸಿ, ಲೆಕ್ಕವನ್ನು ಹಾಗೆಯೇ ಕಳುಹಿಸಿಬಿಟ್ಟರು. ಮೊತ್ತ ನಿಜವಾಗಿಯೂ ತಪ್ಪಾಗಿತ್ತು. ಆಮೇಲೆ ನಾನು ಎಚ್ಚರಿಸಿದ್ದೆನಲ್ಲ ಎಂದು ಕೇಳಿದರೆ, ತಪ್ಪಿಲ್ಲ ಎಂದು ಬರೆದವರೇ ನೀವು ಎಂದು ನನ್ನದೇ ವಾಕ್ಯವನ್ನು ನನ್ನ ಮುಂದೆ ಇಟ್ಟರು.

ನಾನು ಬರೆಯಬೇಕಾಗಿದ್ದ ಪದ ‘ಸಸ್ಪೆಕ್ಟ್’ ಎಂದು ಸ್ನೇಹಿತರೊಬ್ಬರು ಹೇಳಿದರು. ಆದರೆ ನನ್ನ ಬಳಿ ಇರುವ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಎರಡು ಪದಗಳ ಎದುರಿಗೂ ಅನುಮಾನ, ಸಂಶಯ, ಶಂಕೆ ಎಂಬ ಅವೇ ಅರ್ಥಗಳಿವೆ. ಸಾಲದ್ದಕ್ಕೆ ‘ಡಿಸ್ಟ್ರಸ್ಟ್’, ‘ಮಿಸ್ಟ್ರಸ್ಟ್’ ಎಂಬ ಇನ್ನೆರಡು ಪದಗಳೂ ಅದೇ ಬೀದಿಯಲ್ಲಿ ಮನೆ ಮಾಡಿಕೊಂಡಿವೆ. ನನ್ನ ವಾಕ್ಯ ನಾನು ಹೇಳಬೇಕೆಂದಿದ್ದಕ್ಕೆ ತೀರ ವಿರುದ್ಧವಾದ ಅರ್ಥವನ್ನು ಕೊಟ್ಟದ್ದು ಹೇಗೆ? ಈ ಪದಗಳನ್ನು ಬಳಸುವಾಗ ಯಾವುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು? ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ತಮ್ಮ ಅನುಭವ ಅಪರೂಪದ್ದಲ್ಲ. ಅನುವಾದದ ಕೆಲಸದಲ್ಲಿ ಬಹಳ ವರ್ಷಗಳಿಂದ ಇರುವ ನಾನೂ ಆರಂಭದಲ್ಲಿ ಇದೇ ಗುಂಡಿಗೆ ಬಿದ್ದಿದ್ದೇನೆ.

‘ಡೌಟ್’ ಮತ್ತು ‘ಸಸ್ಪೆಕ್ಟ್’ ಎರಡರಲ್ಲೂ ಖಚಿತತೆ ಇಲ್ಲ ಎಂಬ ಅಂಶ ಸಮಾನವಾಗಿದೆ. ಮನಸ್ಸು ಯಾವ ಕಡೆಗೆ ವಾಲಿದೆ ಎಂಬುದರಲ್ಲಿ ಮಾತ್ರ ಅವು ಎದುರುಬದುರು. ಒಂದು ಸಂಗತಿ ನಿಜವಿರಲಾರದು ಎಂಬ ಕಡೆಗೆ ಮನಸ್ಸು ವಾಲಿದ್ದರೆ ಇಂಗ್ಲಿಷಿನವರು ‘ಡೌಟ್’ ಎನ್ನುತ್ತಾರೆ, ನಿಜವಿರಬೇಕು ಎಂಬ ಕಡೆಗೆ ವಾಲಿದ್ದರೆ ‘ಸಸ್ಪೆಕ್ಟ್’ ಎನ್ನುತ್ತಾರೆ. ‘ಐ ಡೌಟ್ ದಟ್ ಹಿ ಲೈಡ್’ ಎಂದರೆ ಅವನು ಸುಳ್ಳು ಹೇಳಿರಲಾರ ಎಂದರ್ಥ. ‘ಐ ಸಸ್ಪೆಕ್ಟ್ ದಟ್ ಹಿ ಲೈಡ್’ ಎಂದರೆ ಅವನು ಸುಳ್ಳು ಹೇಳಿರಬೇಕು ಎಂದರ್ಥ. ತಾವು ಬರೆದ ವಾಕ್ಯವನ್ನು ಕನ್ನಡಕ್ಕೆ ತಂದರೆ ‘ಮೊತ್ತ ತಪ್ಪಿರುವುದು ಅನುಮಾನ’ ಎಂದಾಗುತ್ತದೆ. ತಾವು ಹೇಳಹೊರಟಿದ್ದು ‘ಮೊತ್ತ ತಪ್ಪಿರುವ ಅನುಮಾನವಿದೆ’ ಎಂದು.

ಈ ಎರಡು ಕನ್ನಡ ವಾಕ್ಯಗಳನ್ನು ಇನ್ನೊಮ್ಮೆ ಓದಿ ನೋಡಿ. ನಮಗೆ ತಿಳಿಯದೆಯೇ ನಾವು ದಿನವೂ ಮಾಡುವ ಒಂದು ಸೂಕ್ಷ್ಮ ಕೆಲಸ ಅಲ್ಲಿದೆ. ‘ತಪ್ಪಿರುವುದು’ ಎಂದು ಕ್ರಿಯೆಯನ್ನು ನಾಮಪದವಾಗಿಸಿ ಅದರ ಮುಂದೆ ‘ಅನುಮಾನ’ ಎಂದರೆ ಅದು ‘ಡೌಟ್’. ‘ತಪ್ಪಿರುವ ಅನುಮಾನ’ ಎಂದರೆ, ಅಥವಾ ‘ತಪ್ಪಿದೆ ಎಂಬ ಅನುಮಾನ’ ಎಂದರೆ, ಅದು ‘ಸಸ್ಪೆಕ್ಟ್’. ‘ಅವರು ಬರುವುದು ಅನುಮಾನ’ ಎಂದು ಕೇಳಿದವರು ಅವರಿಗಾಗಿ ಕಾಯುವುದಿಲ್ಲ. ‘ಅವರು ಬಂದಿರುವ ಅನುಮಾನವಿದೆ’ ಎಂದು ಕೇಳಿದವರು ಎದ್ದು ಹೊರಗೆ ನೋಡುತ್ತಾರೆ. ಕನ್ನಡದಲ್ಲಿ ಮನಸ್ಸಿನ ವಾಲನ್ನು ವಾಕ್ಯದ ಕಟ್ಟಡ ಹೊತ್ತಿರುತ್ತದೆ, ಪದ ಒಂದೇ ಆಗಿದ್ದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಕಟ್ಟಡ ಒಂದೇ ಆಗಿದ್ದು, ವಾಲನ್ನು ಕ್ರಿಯಾಪದವೇ ಹೊರಬೇಕು. ನಾವು ನಮ್ಮ ಒಂದೇ ‘ಅನುಮಾನ’ವನ್ನು, ಅಥವಾ ಕನ್ನಡದ್ದೇ ಆಗಿಹೋಗಿರುವ ‘ಡೌಟು’ ಎಂಬುದನ್ನು, ಹಾಗೆಯೇ ಎತ್ತಿಕೊಂಡು ಹೋಗಿ ಇಂಗ್ಲಿಷ್ ವಾಕ್ಯದಲ್ಲಿ ಕೂರಿಸುತ್ತೇವೆ. ಅದರ ಸುತ್ತ ಇದ್ದ ‘ಎಂಬ’, ‘ಇರುವ’ಗಳು ಇಲ್ಲಿಯೇ ಉಳಿದುಬಿಡುತ್ತವೆ. ತಪ್ಪಿನ ಬೇರು ಅಲ್ಲಿದೆ ಎಂದು ನನ್ನ ಅಭಿಪ್ರಾಯ.

ಬರೆಯುವ ಮುನ್ನ ಪರೀಕ್ಷಿಸಲು ನಾನು ಬಳಸುವ ಒಂದು ಉಪಾಯವನ್ನೂ ಹೇಳುತ್ತೇನೆ. ಮನಸ್ಸಿನಲ್ಲಿರುವ ಕನ್ನಡ ವಾಕ್ಯದಲ್ಲಿ ‘ಅನುಮಾನ’ ಇರುವ ಕಡೆ ‘ಗುಮಾನಿ’ ಎಂದು ಹಾಕಿ ನೋಡುತ್ತೇನೆ. ‘ಅವನೇ ತೆಗೆದಿದ್ದಾನೆ ಎಂಬ ಗುಮಾನಿ’ ಸಹಜವಾಗಿ ಕೇಳಿಸುತ್ತದೆ, ಆದ್ದರಿಂದ ಅಲ್ಲಿ ಬೇಕಾದದ್ದು ‘ಸಸ್ಪೆಕ್ಟ್’. ‘ಅವನು ಬರುವುದು ಗುಮಾನಿ’ ಎಂದು ಯಾರೂ ಹೇಳುವುದಿಲ್ಲ, ಆದ್ದರಿಂದ ಅಲ್ಲಿ ಬೇಕಾದದ್ದು ‘ಡೌಟ್’. ಪಾರ್ಸಿಯ ‘ಗುಮಾನ್’ ಎಂಬುದರಿಂದ ನಮ್ಮಲ್ಲಿಗೆ ಬಂದ ಈ ಪದ, ಏನೋ ನಡೆದಿರಬೇಕು ಎಂಬ ಒಂದೇ ದಿಕ್ಕಿಗೆ ಕನ್ನಡದಲ್ಲಿ ನಿಂತುಬಿಟ್ಟಿದೆ. ‘ಶಂಕೆ’ಯೂ ಬಹುಮಟ್ಟಿಗೆ ಹಾಗೆಯೇ. ಎರಡೂ ಕಡೆ ಸಲ್ಲುವ ಪದಗಳು ‘ಅನುಮಾನ’ ಮತ್ತು ‘ಸಂಶಯ’, ಇವೆರಡೇ ನಮ್ಮನ್ನು ಎಡವಿಸುವವು.

ಇನ್ನು ವ್ಯಾಕರಣದ ಎರಡು ಮಾತು. ‘ಅವನ ಮೇಲೆ ಅನುಮಾನ’ ಎಂಬುದನ್ನು ನೆನೆದು ‘ಡೌಟ್ ಆನ್ ಹಿಮ್’ ಎಂದು ಬರೆಯುವುದು ಸಲ್ಲದು. ಒಬ್ಬರು ಏನನ್ನೋ ಮಾಡಿದ್ದಾರೆ ಎಂದು ಶಂಕಿಸುವಾಗ ‘ಸಸ್ಪೆಕ್ಟ್ ಹಿಮ್ ಆಫ್’ ಎಂದು ‘ಆಫ್’ ಬರಬೇಕು, ‘ಫಾರ್’ ಕೂಡ ಅಲ್ಲ. ಹಾಗೆಯೇ ‘ಅನುಮಾನಿಸುತ್ತಿದ್ದೇನೆ’ ಎಂಬುದರ ನೆರಳಿನಲ್ಲಿ ‘ಐ ಆಮ್ ಸಸ್ಪೆಕ್ಟಿಂಗ್’ ಎನ್ನುವ ಅಭ್ಯಾಸ ನಮ್ಮಲ್ಲಿದೆ. ಇದು ಮನಸ್ಸಿನ ಸ್ಥಿತಿಯನ್ನು ಹೇಳುವ ಕ್ರಿಯಾಪದವಾದ್ದರಿಂದ ಸಾಮಾನ್ಯವಾಗಿ ‘ಐ ಸಸ್ಪೆಕ್ಟ್’ ಎಂದರೆ ಸಾಕು.

ಎರಡನೆಯ ಉತ್ತರ

ಮೊದಲ ಉತ್ತರ ಬರೆದವರು ವಾಕ್ಯರಚನೆಯ ಕಡೆಯಿಂದ ಹೇಳಿದ್ದನ್ನು ನಾನು ಪದಗಳ ಹುಟ್ಟಿನ ಕಡೆಯಿಂದ ನೋಡಲು ಇಷ್ಟಪಡುತ್ತೇನೆ, ಏಕೆಂದರೆ ಇಂದು ಕನ್ನಡದಲ್ಲಿ ಬೆರೆತುಹೋಗಿರುವ ಈ ಭೇದ ನಮ್ಮ ತರ್ಕಶಾಸ್ತ್ರದಲ್ಲಿ ಒಂದು ಕಾಲಕ್ಕೆ ಬಹಳ ಸ್ಪಷ್ಟವಾಗಿತ್ತು.

ತರ್ಕಕ್ಕೆ ಮೀಸಲಾದ ನ್ಯಾಯದರ್ಶನವು ಹೆಸರಿಸುವ 16 ಪದಾರ್ಥಗಳಲ್ಲಿ, ಅಂದರೆ ವಿಚಾರದ ವಿಷಯಗಳಲ್ಲಿ, ಪ್ರಮಾಣ (ತಿಳಿಯುವ ಸಾಧನ), ಪ್ರಮೇಯ (ತಿಳಿಯಬೇಕಾದದ್ದು) ಇವುಗಳ ನಂತರ ಮೂರನೆಯದಾಗಿ ಬರುವುದೇ ಸಂಶಯ. ಮಬ್ಬು ಬೆಳಕಿನಲ್ಲಿ ದೂರದಲ್ಲಿ ಏನೋ ನೆಟ್ಟಗೆ ನಿಂತಿದೆ, ಅದು ಕಂಬವೋ ಮನುಷ್ಯನೋ ಎಂದು ತಿಳಿಯುತ್ತಿಲ್ಲ. ಬುದ್ಧಿ ಎರಡು ತುದಿಗಳ ನಡುವೆ ತೂಗುತ್ತಿದೆ. ಸಂಶಯಕ್ಕೆ ತಾರ್ಕಿಕರು ಕೊಡುವ ಹಳೆಯ ಉದಾಹರಣೆ ಇದೇ. ಅನುಮಾನವಾದರೋ ಸಂಶಯವೇ ಅಲ್ಲ, ಅದು ಪ್ರತ್ಯಕ್ಷದಂತೆ ಒಂದು ಪ್ರಮಾಣ, ಜ್ಞಾನವನ್ನು ಪಡೆಯುವ ಒಂದು ದಾರಿ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಬೆಂಕಿ ಕಾಣುತ್ತಿಲ್ಲ, ಆದರೂ ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ಅನುಮಾನ. ಹಿಂದಿಯಲ್ಲಿ ಈ ಪದಕ್ಕೆ ಇಂದಿಗೂ ಅಂದಾಜು ಎಂಬ ಅರ್ಥವಿದೆ. ಕನ್ನಡದಲ್ಲಿ ಮತ್ತು ತೆಲುಗಿನಲ್ಲಿ ಅದು ಜಾರಿ ಸಂಶಯದ ಪಕ್ಕಕ್ಕೆ ಬಂದು ಕುಳಿತಿದೆ.

ಈಗ ಇಂಗ್ಲಿಷ್ ಪದಗಳನ್ನು ಇವುಗಳ ಪಕ್ಕದಲ್ಲಿ ಇಟ್ಟು ನೋಡಿ. ‘ಡೌಟ್’ ಲ್ಯಾಟಿನ್ನಿನ ‘ದುಬಿತಾರೆ’ ಎಂಬ ಕ್ರಿಯಾಪದದಿಂದ ಬಂದದ್ದು, ಅದರ ಒಳಗೆ ಎರಡು ಎಂಬ ಅರ್ಥದ ‘ದುವೊ’ ಅಡಗಿದೆ. ಎರಡರ ನಡುವೆ ತೂಗುವುದು, ಅಂದರೆ ಕಂಬವೋ ಮನುಷ್ಯನೋ ಎನ್ನುವ ನಮ್ಮ ಸಂಶಯವೇ. (ಇಂಗ್ಲಿಷಿನಲ್ಲಿ ಉಚ್ಚಾರವಿಲ್ಲದ ‘ಬಿ’ ಅಕ್ಷರ ಅಲ್ಲಿ ಕುಳಿತಿರುವುದೂ ಈ ಲ್ಯಾಟಿನ್ ಮೂಲವನ್ನು ನೆನಪಿಸಲೆಂದೇ. ಹಳೆಯ ಫ್ರೆಂಚಿನಿಂದ ಪದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ, ವಿದ್ವಾಂಸರು ಆಮೇಲೆ ಬರವಣಿಗೆಯಲ್ಲಿ ಸೇರಿಸಿದರು.) ‘ಸಸ್ಪೆಕ್ಟ್’ ಇರುವುದು ಬೇರೆ ಮನೆತನದಲ್ಲಿ. ‘ಸುಬ್’ ಎಂದರೆ ಕೆಳಗೆ, ‘ಸ್ಪೆಕೆರೆ’ ಎಂದರೆ ನೋಡು. ಕೆಳಗಿನಿಂದ ಮೇಲಕ್ಕೆ ನೋಡುವುದು ಎಂಬ ಮೂಲಾರ್ಥದಿಂದ ಲ್ಯಾಟಿನ್ನಿನಲ್ಲಿ ತಲೆಯೆತ್ತಿ ಮೆಚ್ಚುಗೆಯಿಂದ ನೋಡು ಎಂಬ ಅರ್ಥವೂ, ಕಣ್ಣಂಚಿನಿಂದ ಅಪನಂಬಿಕೆಯಿಂದ ನೋಡು ಎಂಬ ಅರ್ಥವೂ ಬೆಳೆದವು. ಇಂಗ್ಲಿಷಿಗೆ ಬಂದು ನೆಲೆಸಿದ್ದು ಎರಡನೆಯದು. ಇನ್‌ಸ್ಪೆಕ್ಟರ್, ರೆಸ್ಪೆಕ್ಟ್, ಸ್ಪೆಕ್ಟ್ರಮ್ ಎಲ್ಲವೂ ಅದೇ ನೋಟದ ಸಂತಾನ. ಸಂಸ್ಕೃತದಲ್ಲಿ ನೋಡುತ್ತಾನೆ ಎಂಬ ಅರ್ಥದ ‘ಪಶ್ಯತಿ’, ಗೂಢಚಾರ ಎಂಬ ಅರ್ಥದ ‘ಸ್ಪಶ’, ನಾವು ದಿನವೂ ಬಳಸುವ ‘ಸ್ಪಷ್ಟ’, ಇವೂ ಇಂಡೋ–ಯುರೋಪಿಯನ್ ಮೂಲದ ಅದೇ ಧಾತುವಿನಿಂದ ಬಂದವು. ಅಸ್ಪಷ್ಟತೆಯ ಲೋಕದಲ್ಲಿರುವ ‘ಸಸ್ಪೆಕ್ಟ್’ ಎಂಬ ಪದ ‘ಸ್ಪಷ್ಟ’ಕ್ಕೆ ದಾಯಾದಿ ಎಂಬುದು ನನಗೆ ಯಾವಾಗ ನೆನೆದರೂ ತಮಾಷೆಯೆನಿಸುತ್ತದೆ. ‘ಸಸ್ಪೆಂಡ್’, ‘ಸಸ್ಪೆನ್ಸ್’ಗಳನ್ನು ಮಾತ್ರ ಈ ಕುಟುಂಬಕ್ಕೆ ಸೇರಿಸಬಾರದು, ಅವು ತೂಗುಹಾಕು ಎಂಬ ಅರ್ಥದ ಬೇರೆ ಧಾತುವಿನವು.

ಹೀಗೆ ‘ಸಸ್ಪೆಕ್ಟ್’ನಲ್ಲಿ ಕಣ್ಣಿಗೆ ಬಿದ್ದ ಏನೋ ಒಂದು ಸುಳಿವು ಇರುತ್ತದೆ, ಹೊಗೆ ಇರುತ್ತದೆ. ತಾವು ಮೂರನೆಯ ಪುಟದಲ್ಲಿ ಹೊಗೆಯನ್ನು ಕಂಡಿದ್ದಿರಿ, ಆದ್ದರಿಂದ ಅದು ತರ್ಕಶಾಸ್ತ್ರದ ಹಳೆಯ ಅರ್ಥಕ್ಕೆ ಹತ್ತಿರವಾದ ಅನುಮಾನ. ವ್ಯತ್ಯಾಸ ಇಷ್ಟೇ: ತಾರ್ಕಿಕರ ಅನುಮಾನ ನಿಶ್ಚಯಕ್ಕೆ ತಲುಪುತ್ತದೆ, ಇಂಗ್ಲಿಷಿನ ‘ಸಸ್ಪೆಕ್ಟ್’ ನಿಶ್ಚಯದ ಹೊಸ್ತಿಲಲ್ಲಿಯೇ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಕೃತಜ್ಞತೆಗಳು. ‘ತಪ್ಪಿರುವ ಅನುಮಾನ’ ಮತ್ತು ‘ತಪ್ಪಿರುವುದು ಅನುಮಾನ’ ಎಂಬ ಜೋಡಿಯನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಆದರೆ ಇನ್ನೊಂದು ತೊಡಕು ಎದುರಾಗಿದೆ. ಇಂಗ್ಲಿಷ್ ನಿಘಂಟಿನಲ್ಲಿ ‘ಸಸ್ಪೆಕ್ಟ್’ ಎಂಬುದಕ್ಕೆ, ನಿಜವಿರಬೇಕು ಎಂದು ಭಾವಿಸು ಎಂಬ ಅರ್ಥದ ಜೊತೆಗೆ, ಸಂದೇಹಿಸು, ನಂಬದಿರು ಎಂಬ ಅರ್ಥವನ್ನೂ ಕೊಟ್ಟಿದ್ದಾರೆ. ‘ಐ ಸಸ್ಪೆಕ್ಟ್ ಹಿಸ್ ಮೋಟಿವ್ಸ್’ ಎಂಬ ಉದಾಹರಣೆಯೂ ಅಲ್ಲಿದೆ. ಅವನ ಉದ್ದೇಶಗಳನ್ನು ನಂಬುವುದಿಲ್ಲ ಎಂದಾದರೆ ಇದು ‘ಡೌಟ್’ನ ದಿಕ್ಕಿಗೇ ಹೋಯಿತಲ್ಲವೇ? ಎರಡೂ ಎದುರುಬದುರು ಎಂಬ ನಿಯಮ ಇಲ್ಲಿ ಮುರಿಯಲಿಲ್ಲವೇ?

ಮೂರನೆಯ ಉತ್ತರ

ನಿಯಮ ಮುರಿಯಲಿಲ್ಲ, ಆದರೆ ಅದರ ಎಲ್ಲೆ ಎಲ್ಲಿದೆ ಎಂಬುದು ಈಗ ಕಾಣುತ್ತಿದೆ. ಎದುರುಬದುರು ನಿಲ್ಲುವ ಮಾತು ಅನ್ವಯಿಸುವುದು ಕ್ರಿಯಾಪದದ ಮುಂದೆ ಒಂದು ಪೂರ್ಣ ವಾಕ್ಯಾಂಶ ಬಂದಾಗ, ಅಂದರೆ ‘ದಟ್’ ಬಂದು ಅದರ ನಂತರ ಒಂದು ಸಂಗತಿ ಹೇಳಲ್ಪಟ್ಟಾಗ. ಬರಿಯ ನಾಮಪದ ಬಂದಾಗ ಆ ನಾಮಪದ ಒಳ್ಳೆಯದೋ ಕೆಟ್ಟದ್ದೋ ಎಂಬುದೇ ಅರ್ಥವನ್ನು ನಿರ್ಧರಿಸುತ್ತದೆ. ‘ಸಸ್ಪೆಕ್ಟ್ ಫ್ರಾಡ್’ ಎಂದರೆ ಮೋಸ ನಡೆದಿರಬೇಕು ಎಂದು, ಏಕೆಂದರೆ ಮೋಸ ಕೆಟ್ಟದ್ದು. ‘ಸಸ್ಪೆಕ್ಟ್ ಹಿಸ್ ಸಿನ್ಸಿಯಾರಿಟಿ’ ಎಂದರೆ ಅವನ ಪ್ರಾಮಾಣಿಕತೆ ನಿಜವಾದದ್ದಲ್ಲ ಎಂದು, ಏಕೆಂದರೆ ಪ್ರಾಮಾಣಿಕತೆ ಒಳ್ಳೆಯದು. ಎರಡರಲ್ಲೂ ‘ಸಸ್ಪೆಕ್ಟ್’ ಮಾಡುತ್ತಿರುವುದು ಒಂದೇ ಕೆಲಸ: ಎಲ್ಲೋ ಏನೋ ಸರಿಯಿಲ್ಲ ಎಂದು ಮೂಗು ಅರಳಿಸುವುದು. ಕನ್ನಡದಲ್ಲಿಯೂ ‘ಮೋಸವನ್ನು ಶಂಕಿಸಿದರು’ ಮತ್ತು ‘ಪ್ರಾಮಾಣಿಕತೆಯನ್ನು ಶಂಕಿಸಿದರು’ ಎಂಬ ಎರಡು ವಾಕ್ಯಗಳು ಹೀಗೆಯೇ ವಿರುದ್ಧ ದಿಕ್ಕಿಗೆ ಹೋಗುತ್ತವೆ, ಆದರೂ ಓದುವವರು ತಡವರಿಸುವುದಿಲ್ಲ.

‘ಡಿಸ್ಟ್ರಸ್ಟ್’, ‘ಮಿಸ್ಟ್ರಸ್ಟ್’ಗಳನ್ನೂ ತಾವು ಕೇಳಿದ್ದೀರಿ. ‘ಸಸ್ಪೆಕ್ಟ್’ ಒಂದು ನಿರ್ದಿಷ್ಟ ಸಂಗತಿಯ ಬೆನ್ನು ಹತ್ತಿದರೆ, ಇವೆರಡೂ ಇಡೀ ವ್ಯಕ್ತಿಯ ಅಥವಾ ಸಂಸ್ಥೆಯ ಮೇಲಿನ ಭರವಸೆಯನ್ನೇ ಹಿಂದಕ್ಕೆ ಪಡೆಯುತ್ತವೆ. ಬಹಳ ಕಾಲದಿಂದ ನಂಬಿದ ಗೆಳೆಯನೊಬ್ಬ ಈ ಒಂದು ವಿಷಯದಲ್ಲಿ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅನಿಸಿದರೆ ಅದು ಅನುಮಾನ. ಅವನು ಇನ್ನು ಮುಂದೆ ಏನು ಹೇಳಿದರೂ ಒಳಗೆ ಇಳಿಯುವುದಿಲ್ಲ ಎನ್ನುವ ಸ್ಥಿತಿ ಅಪನಂಬಿಕೆ. ಅನುಮಾನ ವಿಚಾರಣೆಯಿಂದ ಬಗೆಹರಿಯಬಹುದು, ಅಪನಂಬಿಕೆ ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ‘ಡಿಸ್ಟ್ರಸ್ಟ್’ ಮತ್ತು ‘ಮಿಸ್ಟ್ರಸ್ಟ್’ಗಳ ನಡುವಿನ ವ್ಯತ್ಯಾಸ ತೆಳುವಾದದ್ದು. ಹಿಂದಿನ ಅನುಭವದಿಂದ, ಕಾರಣ ತಿಳಿದು ನಂಬದಿರುವುದಕ್ಕೆ ಮೊದಲನೆಯದನ್ನೂ, ಕಾರಣ ಹೇಳಲಾಗದ ಒಳಗಿನ ಅಳುಕಿಗೆ ಎರಡನೆಯದನ್ನೂ ಕೆಲವರು ಬಳಸುತ್ತಾರೆ, ಆದರೆ ಅನೇಕ ಲೇಖಕರು ಒಂದರ ಬದಲು ಇನ್ನೊಂದನ್ನು ಹಾಕಿಬಿಡುತ್ತಾರೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ‘ಆಂಟಿಟ್ರಸ್ಟ್’ ಎಂಬುದನ್ನು ಮಾತ್ರ ಇವುಗಳ ಜೊತೆ ಸೇರಿಸಬೇಡಿ. ಅಮೆರಿಕದಲ್ಲಿ 1890ರ ಶೆರ್ಮನ್ ಕಾಯಿದೆಯ ಕಾಲದಲ್ಲಿ ಮಾರುಕಟ್ಟೆಯನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಕಂಪನಿಗಳ ಕೂಟಗಳನ್ನು ‘ಟ್ರಸ್ಟ್’ ಎಂದು ಕರೆಯುತ್ತಿದ್ದರು, ಆ ಕೂಟಗಳಿಗೆ ಎದುರಾದ ಕಾನೂನು ಅದು.

ಅನುವಾದಿಸುವಾಗ ‘ಅವಿಶ್ವಾಸ’ ಎಂದು ಬರೆಯುವುದನ್ನು ನಾನು ಆದಷ್ಟು ತಪ್ಪಿಸುತ್ತೇನೆ. ಆ ಪದ ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು ಅವಿಶ್ವಾಸ ನಿರ್ಣಯ, ಅಲ್ಲದೆ ನಮ್ಮ ‘ವಿಶ್ವಾಸ’ದಲ್ಲಿ ಪ್ರೀತಿ, ಆತ್ಮೀಯತೆಗಳೂ ಬೆರೆತಿವೆ. ‘ಅಪನಂಬಿಕೆ’ ಎಂಬುದು ಸಂಸ್ಕೃತದ ತಲೆಗೆ ಕನ್ನಡದ ಮೈ ಜೋಡಿಸಿದ ಪದವೆಂದು ಮೂಗು ಮುರಿಯುವವರಿದ್ದಾರೆ, ಆದರೂ ಕೆಲಸ ಮಾಡುವುದು ಅದೇ.

ನಾಲ್ಕನೆಯ ಉತ್ತರ

ಸುದ್ದಿ ತಿದ್ದುವ ಮೇಜಿನಲ್ಲಿ ಕುಳಿತವನಾಗಿ ಒಂದು ಮಾತು ಸೇರಿಸುತ್ತೇನೆ. ‘ಸಸ್ಪಿಷಸ್’ ಎಂಬ ಗುಣವಾಚಕಕ್ಕೆ ಎರಡು ಮುಖಗಳಿವೆ, ಅನುಮಾನ ಪಡುವವನೂ ‘ಸಸ್ಪಿಷಸ್’, ಅನುಮಾನ ಹುಟ್ಟಿಸುವವನೂ ‘ಸಸ್ಪಿಷಸ್’. ‘ಹಿ ಈಸ್ ಸಸ್ಪಿಷಸ್’ ಎಂಬ ವಾಕ್ಯವೊಂದನ್ನೇ ಕೊಟ್ಟರೆ ಯಾವುದು ಎಂದು ಹೇಳಲು ಆಗುವುದಿಲ್ಲ. ಮುಂದೆ ‘ಆಫ್’ ಬಂದರೆ ಅವನು ಅನುಮಾನ ಪಡುತ್ತಿದ್ದಾನೆ ಎಂದು ತಿಳಿಯುತ್ತದೆ. ಕನ್ನಡದಲ್ಲಿ ಈ ಗೊಂದಲ ಇರಬಾರದು, ಏಕೆಂದರೆ ‘ಆಸ್ಪದ’ ಎಂದರೆ ಎಡೆ, ಅವಕಾಶ. ‘ಅನುಮಾನಾಸ್ಪದ’ ಎಂದರೆ ಅನುಮಾನಕ್ಕೆ ಎಡೆಮಾಡಿಕೊಡುವಂಥದ್ದು. ಆದ್ದರಿಂದ ಅನುಮಾನಾಸ್ಪದವಾಗಿ ಓಡಾಡಬಹುದು, ಅನುಮಾನಾಸ್ಪದವಾಗಿ ಸಾವು ಸಂಭವಿಸಬಹುದು. ಆದರೆ ‘ಕಾವಲುಗಾರ ಅವನನ್ನು ಅನುಮಾನಾಸ್ಪದವಾಗಿ ನೋಡಿದ’ ಎಂದು ಬರೆದರೆ ಕಾವಲುಗಾರನ ನಡತೆಯೇ ಸರಿಯಿಲ್ಲ ಎಂದಾಗುತ್ತದೆ. ಇಂಗ್ಲಿಷಿನಿಂದ ಅವಸರದಲ್ಲಿ ಕನ್ನಡಕ್ಕೆ ತರುವಾಗ ನಡೆಯುವ ಈ ತಪ್ಪನ್ನು ವಾರಕ್ಕೊಮ್ಮೆಯಾದರೂ ತಿದ್ದುತ್ತೇನೆ. ಅಲ್ಲಿ ಬೇಕಾದದ್ದು ‘ಅನುಮಾನದಿಂದ ನೋಡಿದ’ ಎಂಬ ಸರಳ ಮಾತು.

‘ಸಸ್ಪೆಕ್ಟ್’ ನಾಮಪದವಾದಾಗ ಶಂಕಿತ. ಆರೋಪ ಹೊರಿಸಿದ ಮೇಲೆ ಅವನು ಆರೋಪಿ, ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಮಾನಿಸಿದ ಮೇಲೆ ಅಪರಾಧಿ. ಈ ಮೂರು ಮೆಟ್ಟಿಲುಗಳನ್ನು ಒಂದಾಗಿಸಿ ‘ಶಂಕಿತ ಆರೋಪಿ’ ಎಂದು ಬರೆಯುವವರು ಯಾವ ಮೆಟ್ಟಿಲ ಮೇಲೆ ನಿಂತಿದ್ದಾರೆ ಎಂದು ನನಗೆ ತಿಳಿಯುವುದಿಲ್ಲ. ರೋಗದ ವಿಷಯದಲ್ಲಿ ‘ಶಂಕಿತ ಪ್ರಕರಣ’ ಎಂದರೆ ಲಕ್ಷಣಗಳಿವೆ, ಪರೀಕ್ಷೆಯಿಂದ ಇನ್ನೂ ದೃಢಪಟ್ಟಿಲ್ಲ ಎಂದಷ್ಟೇ ಅರ್ಥ.

ಉಚ್ಚಾರದಲ್ಲಿಯೂ ಒಂದು ಭೇದವಿದೆ: ಶಂಕಿತ ವ್ಯಕ್ತಿ ಎಂಬ ಅರ್ಥದಲ್ಲಿ ಒತ್ತು ಮೊದಲ ಭಾಗದ ‘ಸಸ್’ ಮೇಲೆ, ಶಂಕಿಸು ಎಂಬ ಅರ್ಥದಲ್ಲಿ ‘ಪೆಕ್ಟ್’ ಮೇಲೆ.

ಐದನೆಯ ಉತ್ತರ

ಎಲ್ಲರೂ ಪ್ರಶ್ನೆ ಕೇಳಿದವರನ್ನು ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಿಸಿದ್ದೀರಿ, ಆದ್ದರಿಂದ ಅವರ ಪರವಾಗಿ ಒಂದು ಮಾತು. ‘ಡೌಟ್’ ಎಂಬುದಕ್ಕೆ ಅಂಜು, ಶಂಕಿಸು ಎಂಬ ಅರ್ಥ ಹಳೆಯ ಇಂಗ್ಲಿಷ್ ಬಳಕೆಯಲ್ಲಿ ಚೆನ್ನಾಗಿಯೇ ಇತ್ತು. ಶೇಕ್ಸ್‌ಪಿಯರನ ಹ್ಯಾಮ್ಲೆಟ್, ತಂದೆಯ ಪ್ರೇತ ಕಾಣಿಸಿಕೊಂಡ ಸುದ್ದಿ ಕೇಳಿ, ಏನೋ ದ್ರೋಹ ನಡೆದಿರಬೇಕು ಎಂದುಕೊಳ್ಳುವಾಗ ಬಳಸುವ ಕ್ರಿಯಾಪದ ‘ಡೌಟ್’. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಇಂದಿಗೂ ‘ಐ ಡೌಟ್ ಇಟ್ ವಿಲ್ ರೇನ್’ ಎಂದರೆ ಮಳೆ ಬರುವ ಹಾಗಿದೆ ಎಂದೇ ಅರ್ಥ. ಅವರ ಸಹೋದ್ಯೋಗಿ ಸ್ಕಾಟ್ಲೆಂಡಿನ ಹಳ್ಳಿಯವರಾಗಿದ್ದರೆ ಲೆಕ್ಕ ಉಳಿಯುತ್ತಿತ್ತು.

ಮೊದಲ ಉತ್ತರ ಬರೆದವರು

ಐದನೆಯ ಉತ್ತರದಲ್ಲಿರುವುದು ನಿಜ. ಆದರೆ ಕಚೇರಿಯ ಪತ್ರವನ್ನು ಹ್ಯಾಮ್ಲೆಟ್ ಓದುವುದಿಲ್ಲವಾದ್ದರಿಂದ ಇಂದಿನ ಸಾಮಾನ್ಯ ಬಳಕೆಗೆ ಅಂಟಿಕೊಳ್ಳುವುದೇ ಕ್ಷೇಮ. ನಮ್ಮ ತರಗತಿಗಳ ‘ಸರ್, ಒಂದು ಡೌಟ್’ ಎಂಬುದಕ್ಕೂ ಇದೇ ಮಾತು ಸಲ್ಲುತ್ತದೆ. ನಮ್ಮವರ ನಡುವೆ ಅದರ ಅರ್ಥ ಒಂದು ಪ್ರಶ್ನೆ ಇದೆ ಎಂದು. ಬೇರೆಡೆಯ ಉಪನ್ಯಾಸಕರಿಗೆ ಹಾಗೆ ಹೇಳಿದರೆ, ತಾವು ಹೇಳಿದ್ದನ್ನು ಈ ವಿದ್ಯಾರ್ಥಿ ನಂಬುತ್ತಿಲ್ಲ ಎಂದು ಅವರು ತಿಳಿದಾರು. ಅಲ್ಲಿ ‘ಕ್ವೆಶ್ಚನ್’ ಎನ್ನುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಸಹೋದ್ಯೋಗಿಗೆ ಹೊಸದಾಗಿ ಬರೆಯುವಾಗ ‘ಐ ಸಸ್ಪೆಕ್ಟ್ ದಟ್ ದ ಟೋಟಲ್ ಆನ್ ಪೇಜ್ ಫೈವ್ ಈಸ್ ಆಲ್ಸೊ ರಾಂಗ್’ ಎಂದು ಬರೆದೆ. ಕಳುಹಿಸುವ ಮುನ್ನ ‘ಐದನೆಯ ಪುಟದ ಮೊತ್ತವೂ ತಪ್ಪಿದೆ ಎಂಬ ಗುಮಾನಿ’ ಎಂದು ಮನಸ್ಸಿನಲ್ಲಿ ಹೇಳಿಕೊಂಡು ನೋಡಿದೆ, ಸರಿಹೋಯಿತು. ಈ ಬಾರಿ ಅವರು ಪುಟವನ್ನು ತೆರೆದು ನೋಡಿ, ಮೊತ್ತ ಸರಿಯಾಗಿಯೇ ಇದೆ ಎಂದು ಉತ್ತರಿಸಿದ್ದಾರೆ. ಲೆಕ್ಕ ನಾನೂ ಕೂಡಿ ನೋಡಿದೆ. ಅವರು ಹೇಳಿದ್ದೇ ಸರಿ.